ಮೂರನೇ ತಂತಿ

ಒಂದು ಪಾಯಿಂಟ್ ಎರಡು.
ಮೆಕ್ಸ್‌ಬರೋದ ಸಾಲುಮನೆಯಲ್ಲಿ, ಮಂಗಳವಾರ ಸಂಜೆ,
ನಮ್ಮ ಪಾಲಿಗೆ ಬಂದ ಲೋಕ ಅಷ್ಟೇ.
ಎಲ್ಲಿಸ್‌ನ ಗಣಿತದ ಮೇಷ್ಟ್ರು ಪರದೆಯ ಮೇಲೆ
ಬಾಯಿ ತೆರೆದವರು ತೆರೆದೇ ಇದ್ದಾರೆ.
ಸುತ್ತುವ ಆ ಪುಟ್ಟ ಬಳೆ,
ನಾನು ಆಲೂಗಡ್ಡೆ ಹೆರೆದು, ಬೇಯಿಸಿ, ಹಿಸುಕಿ ಬಂದರೂ
ಸುತ್ತುತ್ತಲೇ ಇದೆ.

ಕಂಪನಿಯ ಹುಡುಗ ಫೋನಿನಲ್ಲಿ
ಆರಿಸಿ ಹಾಕಿ ಅಂದ. ಆರಿಸಿ ಹಾಕಿದೆ.
ಮತ್ತೆ ಅಂದ. ಮತ್ತೆ.
ಮೂರನೇ ಸಲ ಅವನೇ ಕ್ಷಮೆ ಕೇಳಿದ, ಪಾಪ:
ನಿಮ್ಮ ಬಾಗಿಲವರೆಗೂ ಲೈನು ಚೆನ್ನಾಗಿದೆ ಮೇಡಂ,
ಅಲ್ಲಿಂದಾಚೆ ನಿಮ್ಮ ಮನೆ.

ಅಲ್ಲಿಂದಾಚೆ ನನ್ನ ಮನೆ.
ಬ್ರೆಡ್ ಫ್ಯಾಕ್ಟರಿಯ ರಾತ್ರಿಪಾಳಿಗೆ ಹೊರಟವಳು
ಯೂನಿಫಾರ್ಮಿನಲ್ಲೇ ಮಂಡಿಯೂರಿ
ಗೋಡೆಯ ಬುಡದ ಬಿಳಿ ಡಬ್ಬಿಯನ್ನು ನೋಡಿದೆ,
ಹಲ್ಲುನೋವಿನ ಮಗುವಿನ ಬಾಯಿ ನೋಡುವ ಹಾಗೆ.

ಪಕ್ಕದ ಮನೆಯ ಡೆಸ್ಮಂಡ್ ಬಂದ,
ಮೂವತ್ತೊಂದು ವರ್ಷ ಕಂಬ ಹತ್ತಿಳಿದ ಮೊಣಕಾಲು ಎಳೆಯುತ್ತ.
ಬೇರೆ ಮುದುಕರ ಜೇಬಿನಲ್ಲಿ ಕನ್ನಡಕ,
ಇವನದರಲ್ಲಿ ಸ್ಕ್ರೂಡ್ರೈವರ್.
ಎರಡು ತಿರುಪು. ಮುಚ್ಚಳ ಕೈಗೆ ಬಂತು.

ಒಳಗೆ ಧೂಳು, ಸತ್ತ ಜೇಡ,
ಯಾರೋ ಬಳಿದ ಸುಣ್ಣದ ಒಣ ಹನಿ, ತಂತಿಗಳು.
"ನೋಡಮ್ಮ, ಈ ನೀಲಿ, ಈ ಬಿಳಿ. ಇವು ಜೋಡಿ.
ಜಡೆ ಹಾಕಿಕೊಂಡೇ ಬರುತ್ತವೆ.
ಒಂದಕ್ಕೆ ತಾಗಿದ ಗದ್ದಲ ಇನ್ನೊಂದಕ್ಕೂ ತಾಗಿ
ಲೆಕ್ಕ ಚುಕ್ತಾ.
ಈ ಕಿತ್ತಳೆ ಬಣ್ಣದ್ದು ಗಂಟೆಯ ತಂತಿ.
ಹಳೇ ಫೋನು ಬಾರಿಸಲಿಕ್ಕೆ ಇದ್ದದ್ದು, ಈಗ ಯಾರಿಗೂ ಬೇಡ.
ಅದಕ್ಕೆ ಜೊತೆಯಿಲ್ಲ. ಕಿವಿಗೆ ಬಿದ್ದದ್ದನ್ನೆಲ್ಲ
ತಂದು ನಿನ್ನ ಲೈನಿಗೆ ಸುರಿಯುತ್ತದೆ."

ಇದು ಹೋಗುವುದೆಲ್ಲಿಗೆ? ಮೂವರೂ ಬೆನ್ನು ಹತ್ತಿದೆವು.
ಕಾರ್ಪೆಟ್ಟಿನ ಅಂಚು, ಮೆಟ್ಟಿಲ ಮಗ್ಗುಲು,
ನಾಲ್ಕು ಸಲದ ಬಣ್ಣದಡಿ ಹಾವಿನ ಹಾಗೆ ಉಬ್ಬಿದ್ದು,
ಹಿಂದಿನ ಕೋಣೆ, ಕಿಟಕಿ ಚೌಕಟ್ಟಿನ ತೂತು,
ಬಟ್ಟೆ ಒಣಹಾಕುವ ಕಂಬ, ಕೊನೆಗೆ
ನಾವು ಸೈಕಲ್ ತುಂಬಿರುವ ಶೆಡ್ಡು.
ತೊಲೆಯಲ್ಲಿ ತಟ್ಟೆಯಷ್ಟಗಲದ ಜೋಡಿ ಗಂಟೆ,
ತುಕ್ಕಿಗೆ ಬಣ್ಣ ಹೇಳಲಾಗದಷ್ಟು ತುಕ್ಕು.

ಡೆಸ್ಮಂಡ್ ಮಾತು ನಿಲ್ಲಿಸಿದ.
ಆಮೇಲೆ ಅಂದ: "ಇದನ್ನೆಳೆದವನು ನಾನೇ.
ಎಂಬತ್ತೈದರಲ್ಲಿ. ಕಂಪನಿಗೆ ಹೇಳದೆ.
ಕೂಲಿ ಎರಡು ಪೈಂಟ್ ಬಿಯರ್."

ಈ ಮನೆ ಆಗ ವಿಲ್ಫ್ ಆ್ಯಕ್ರಾಯ್ಡ್‌ನದು, ಶೆಡ್ಡು ಪಾರಿವಾಳಗಳದು.
ಶನಿವಾರ ರೆನ್ ಊರಿಂದ ಫೋನು ಬರುತ್ತಿತ್ತು:
ಹಕ್ಕಿ ಬಿಟ್ಟಾಯಿತು, ಗಾಳಿ ಪಶ್ಚಿಮದ್ದು.
ಆ ಗಂಟೆ ತಪ್ಪಿಹೋದೀತೆಂದು
ವಿಲ್ಫ್ ಮನೆಯೊಳಗೆ ಊಟಕ್ಕೂ ಕೂರುತ್ತಿರಲಿಲ್ಲವಂತೆ.

ಹಕ್ಕಿ ಹೋದವು. ವಿಲ್ಫ್ ಹೋದ.
ತಂತಿಗೆ ಯಾರೂ ಹೇಳಲಿಲ್ಲ.
ಬಾರಿಸುವುದು ನಿಂತಿತು, ಕೇಳುವುದು ನಿಲ್ಲಲಿಲ್ಲ:
ಟ್ಯಾಕ್ಸಿಯವರ ರೇಡಿಯೋ, ಎದುರುಮನೆಯ ಕ್ರಿಸ್ಮಸ್ ದೀಪ,
ಗ್ಯಾರೇಜಿನ ವೆಲ್ಡಿಂಗ್ ಕಿಡಿ, ನಡುರಾತ್ರಿ
ಯಾವುದೋ ದೇಶದ ಹವಾಮಾನ.
ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ,
ನಮ್ಮ ರೋಗವೇ ಹಿತ್ತಲಲ್ಲಿತ್ತು.

ಕತ್ತರಿ ತಂದುಕೊಟ್ಟೆ. ಬೇಡ ಅಂದ.
ಮೂರನೇ ಹಲ್ಲಿನಿಂದ ಮೆಲ್ಲಗೆ ಬಿಡಿಸಿ, ತುದಿ ಮಡಚಿ,
ಟೇಪು ಸುತ್ತಿ, ಮುಚ್ಚಳದೊಳಗೆ ಮಲಗಿಸಿದ.

ಆರು ಪಾಯಿಂಟ್ ನಾಲ್ಕು.
ಮೇಷ್ಟ್ರ ಬಾಯಿ ಮುಚ್ಚಿತು, ತೆರೆಯಿತು, ಎಕ್ಸ್ ಅಂದರೆ ಹನ್ನೊಂದು.
ನಂಗೆ ಆಗಲೇ ಗೊತ್ತಿತ್ತು ಅಂದ ಎಲ್ಲಿಸ್.
ಡೆಸ್ಮಂಡ್ ಚಹಾ ಬೇಡವೆಂದು ಹೋದ.

ಬೆಳಗಿನ ಆರಕ್ಕೆ ಪಾಳಿ ಮುಗಿಸಿ
ಕಂಕುಳಲ್ಲಿ ಬಿಸಿ ಬ್ರೆಡ್ಡು, ಹಿಂಬಾಗಿಲಿಂದ ಬಂದವಳು
ಯಾಕೋ ಶೆಡ್ಡಿಗೆ ಹೋಗಿ
ಉಗುರಿನಿಂದ ಗಂಟೆಗೆ ಒಮ್ಮೆ ತಟ್ಟಿದೆ.
ಸದ್ದು ಅಂಥದ್ದೇನಲ್ಲ. ಬೆರಳಿಗೆ ತುಕ್ಕು.

ಪಕ್ಕದ ಅಡುಗೆಮನೆಯಲ್ಲಿ ದೀಪ ಹತ್ತಿತು.
ಅವನು ಏಳುವುದೇ ಆರಕ್ಕೆ, ನಿಜ.
ಬ್ರೆಡ್ಡಿನಲ್ಲಿ ಅರ್ಧ ಮುರಿದು
ಗೋಡೆಯ ಮೇಲಿಟ್ಟು ಒಳಗೆ ಬಂದೆ.